ಫೈಟರ್ ವಿಮಾನಗಳ ತಲೆಮಾರು: ಯಾವುದನ್ನು ಆಮೇಲೆ ಜೋಡಿಸಬಹುದು, ಯಾವುದನ್ನು ಆಗದು

(ಮಾತಾಡಿದ್ದನ್ನು ಆಮೇಲೆ ಬರೆದಿಟ್ಟದ್ದು. ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಫೈಟರ್ ವಿಮಾನಗಳ ಬಗ್ಗೆ ಮಾತು ಶುರುವಾದರೆ ಸಾಕು, ಎರಡನೇ ಮಾತಿಗೇ ನಂಬರ್ ಬಂದುಬಿಡುತ್ತದೆ. ಇದು ನಾಲ್ಕನೇ ತಲೆಮಾರಿನದು, ಅದು ಐದನೆಯದು, ಇನ್ನೊಂದು ನಾಲ್ಕೂವರೆ. ನಂಬರ್ ಜಾಸ್ತಿ ಇದ್ದದ್ದೇ ಗೆಲ್ಲುತ್ತದೆ ಅಂದುಬಿಟ್ಟರೆ ಚರ್ಚೆ ಅಲ್ಲಿಗೆ ಮುಗಿಯಿತು. ಇವತ್ತು ಆ ನಂಬರ್‌ಗಳ ಹಿಂದೆ ಸ್ವಲ್ಪ ಹೋಗೋಣ. ಯಾರು ಎಣಿಸಿದರು, ಏನನ್ನು ನೋಡಿ ಎಣಿಸಿದರು, ಗೆರೆ ಎಲ್ಲಿ ಎಳೆದರು?

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಅಧಿಕೃತ ಪಟ್ಟಿ ಅಂತ ಯಾವುದೂ ಇಲ್ಲ. ಯಾವ ಅಂತರರಾಷ್ಟ್ರೀಯ ಸಂಸ್ಥೆಯೂ ಕೂತು ಇದು ಮೂರು, ಇದು ನಾಲ್ಕು ಎಂದು ಮುದ್ರೆ ಒತ್ತಿಲ್ಲ. ಮಿಗ್-15 ಹಾರಿಸಿದವರಿಗೆ ತಮ್ಮದು ಮೊದಲನೇ ತಲೆಮಾರಿನ ವಿಮಾನ ಎಂಬ ಕಲ್ಪನೆಯೇ ಇರಲಿಲ್ಲ. ಜೆಟ್ ಫೈಟರ್‌ಗಳು ಬಂದು ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದ ಮೇಲೆ, ಹಿಂತಿರುಗಿ ನೋಡಿ ಎಣಿಸಿದ್ದು ಇದು. ಅಮೆರಿಕದ ವಾಯುಪಡೆಯ ಇತಿಹಾಸಕಾರ ರಿಚರ್ಡ್ ಹ್ಯಾಲಿಯನ್ 1990ರಲ್ಲಿ ಬರೆದ ಒಂದು ಲೇಖನದಲ್ಲಿ ಆರು ತಲೆಮಾರು ಮಾಡಿದ್ದರು. ಅವರ ಲೆಕ್ಕದಲ್ಲಿ ಎಫ್-16 ಕಾಲದ ವಿಮಾನಗಳೇ ಆರನೆಯವು. ನಾವು ಇವತ್ತು ಅದನ್ನೇ ನಾಲ್ಕನೆಯದು ಅನ್ನುತ್ತೇವೆ. 1990ರ ದಶಕದಲ್ಲಿ ರಷ್ಯದವರು, ಅಮೆರಿಕದ ಎಫ್-22ಗೆ ಎದುರಾಗಿ ತಾವು ಕಟ್ಟಬೇಕಿದ್ದ ವಿಮಾನಕ್ಕೆ ಐದನೇ ತಲೆಮಾರು ಎಂಬ ಹೆಸರನ್ನು ಬಳಸಿದರು. ಮುಂದೆ ಅದೇ ಮಾತನ್ನು ಎಫ್-22 ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ತನ್ನ ಪ್ರಚಾರಕ್ಕೆ ಎತ್ತಿಕೊಂಡಿತು. ಚೀನಾದವರ ಎಣಿಕೆ ಬೇರೆಯೇ ಇತ್ತು. ಬೇರೆಯವರು ಐದನೆಯದು ಅನ್ನುವ ಜೆ-20 ಅವರ ಹಳೆಯ ಲೆಕ್ಕದಲ್ಲಿ ನಾಲ್ಕನೆಯದು.

ಹಾಗಂತ ಈ ಎಣಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದರೊಳಗೆ ನಿಜವಾದ ಗೆರೆಗಳಿವೆ, ಸುಮ್ನೆ ಎಳೆದ ಗೆರೆಗಳೂ ಇವೆ. ಎರಡನ್ನೂ ಬೇರೆ ಮಾಡಲು ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ತಲೆಮಾರು ಹೊಸದಾಗಿ ತಂದದ್ದನ್ನು ಹಿಂದಿನ ವಿಮಾನಕ್ಕೆ ಆಮೇಲೆ ಜೋಡಿಸಲು ಆಗುತ್ತದಾ? ಆಗುತ್ತದೆ ಅಂದರೆ ಅಲ್ಲಿ ಗೆರೆ ಸಡಿಲ. ಆಗುವುದಿಲ್ಲ, ಹೊಸ ವಿಮಾನವನ್ನೇ ಕಟ್ಟಬೇಕು ಅಂದರೆ ಗೆರೆ ಗಟ್ಟಿ.

ಮೊದಲನೆಯದರಿಂದ ಶುರುಮಾಡೋಣ. ಜರ್ಮನಿಯ ಮೆಸರ್‌ಶ್ಮಿಟ್ ಮಿ-262 ಬರೀ ಜೆಟ್ ಎಂಜಿನ್‌ಗಳ ಬಲದಲ್ಲಿ ಹಾರಿದ್ದು 1942ರ ಜುಲೈನಲ್ಲಿ, ಯುದ್ಧಕ್ಕೆ ಇಳಿದದ್ದು 1944ರಲ್ಲಿ. ಬ್ರಿಟನ್ನಿನ ಗ್ಲಾಸ್ಟರ್ ಮೀಟಿಯರ್ ಸೇವೆಗೆ ಬಂದದ್ದೂ ಅದೇ 1944ರ ಜುಲೈನಲ್ಲಿ. ಮಿ-262ರ ಎಂಜಿನ್‌ಗಳು ಬಿಚ್ಚಿ ರಿಪೇರಿಗೆ ಹೋಗುವ ಮೊದಲು ಬಾಳುತ್ತಿದ್ದದ್ದು 10ರಿಂದ 25 ಗಂಟೆ. ಎಂಜಿನಿಯರ್‌ಗಳಿಗೆ ಗೊತ್ತಿರಲಿಲ್ಲ ಅಂತಲ್ಲ. ಆ ಬಿಸಿ ತಡೆಯುವ ಲೋಹಕ್ಕೆ ಬೇಕಾದ ನಿಕ್ಕಲ್, ಕ್ರೋಮಿಯಂ ಯುದ್ಧಕಾಲದ ಜರ್ಮನಿಯಲ್ಲಿ ಸಾಕಷ್ಟು ಇರಲಿಲ್ಲ.

ಈ ತಲೆಮಾರಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ರೆಕ್ಕೆ. ಶಬ್ದದ ವೇಗದ ಹತ್ತಿರಕ್ಕೆ ಹೋದ ಹಾಗೆ ರೆಕ್ಕೆಯ ಮೇಲೆ ಗಾಳಿ ಒತ್ತೊತ್ತಾಗಿ ಆಘಾತದ ಅಲೆ ಏಳುತ್ತದೆ, ಎಳೆತ ಒಮ್ಮೆಲೇ ಏರುತ್ತದೆ, ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿದರೆ ಗಾಳಿಯ ವೇಗದಲ್ಲಿ ಒಂದು ಪಾಲು ರೆಕ್ಕೆಯ ಉದ್ದಕ್ಕೂ ಜಾರಿಹೋಗುತ್ತದೆ, ಹಾಗಾಗಿ ಆ ತೊಂದರೆ ಶುರುವಾಗುವ ವೇಗ ಮುಂದಕ್ಕೆ ಹೋಗುತ್ತದೆ. ಜರ್ಮನಿಯ ಅಡಾಲ್ಫ್ ಬುಸೆಮನ್ ಇದನ್ನು 1935ರಲ್ಲೇ ಹೇಳಿದ್ದರು. ಎಫ್-86 ಸೇಬರ್ ಕಾಗದದ ಮೇಲೆ ಮೊದಲು ನೇರ ರೆಕ್ಕೆಯ ವಿಮಾನವಾಗಿತ್ತು. ಯುದ್ಧ ಮುಗಿದು ಜರ್ಮನ್ ಸಂಶೋಧನೆ ಕೈಗೆ ಸಿಕ್ಕ ಮೇಲೆ ವಿನ್ಯಾಸವನ್ನೇ ಬದಲಿಸಿ 35 ಡಿಗ್ರಿ ಬಾಗಿದ ರೆಕ್ಕೆ ಇಟ್ಟರು. ಸೋವಿಯತ್ ಮಿಗ್-15ಕ್ಕೂ 35 ಡಿಗ್ರಿಯೇ. ಸೇಬರ್ ಮೊದಲು ಹಾರಿದ್ದು 1947ರ ಅಕ್ಟೋಬರ್ 1ರಂದು, ಮಿಗ್-15 ಹಾರಿದ್ದು ಡಿಸೆಂಬರ್ 30ರಂದು. ಒಂದೇ ಪ್ರಶ್ನೆಗೆ ಎರಡು ದೇಶಗಳು ಮೂರು ತಿಂಗಳ ಅಂತರದಲ್ಲಿ ಒಂದೇ ಉತ್ತರಕ್ಕೆ ಬಂದವು. ಮಿಗ್-15ರ ಎಂಜಿನ್ ಬ್ರಿಟನ್ನೇ ಮಾರಿದ್ದ ರೋಲ್ಸ್-ರಾಯ್ಸ್ ನೀನ್‌ನಿಂದ ಹುಟ್ಟಿದ್ದು ಅನ್ನುವುದೂ ನೆನಪಿರಲಿ.

ಈಗ ನಮ್ಮ ಪ್ರಶ್ನೆ. ನೇರ ರೆಕ್ಕೆಯ ವಿಮಾನಕ್ಕೆ ಬಾಗಿದ ರೆಕ್ಕೆ ಆಮೇಲೆ ಜೋಡಿಸಬಹುದಾ? ಅಮೆರಿಕದವರು ಎಫ್-84ರಲ್ಲಿ ಇದನ್ನೇ ಮಾಡಲು ಹೊರಟರು. ರೆಕ್ಕೆ, ಬಾಲ ಮಾತ್ರ ಬದಲಿಸಿದರೆ ಸಾಕು, ಖರ್ಚು ಉಳಿಯುತ್ತದೆ ಅಂದುಕೊಂಡು ಶುರುಮಾಡಿ ಕೊನೆಗೆ ಹೆಚ್ಚುಕಡಿಮೆ ಹೊಸ ವಿಮಾನವನ್ನೇ ಕಟ್ಟಬೇಕಾಯಿತು. ಅಂದರೆ ಗಟ್ಟಿ ಗೆರೆ ಇರುವುದು ಮೊದಲನೇ ತಲೆಮಾರಿನ ಹೊಟ್ಟೆಯೊಳಗೇ. ಇವತ್ತಿನ ಎಣಿಕೆ ಮೀಟಿಯರನ್ನೂ ಸೇಬರನ್ನೂ ಒಂದೇ ಗುಂಪಿಗೆ ಹಾಕುತ್ತದೆ. ಹ್ಯಾಲಿಯನ್ ಅವೆರಡನ್ನೂ ಬೇರೆ ಇಟ್ಟಿದ್ದರು. ನನ್ನ ಮಟ್ಟಿಗೆ ಅವರದೇ ಸರಿ.

ಎರಡನೇ ತಲೆಮಾರು ಅಂದರೆ ವೇಗ. ಆಫ್ಟರ್‌ಬರ್ನರ್ ಹಚ್ಚಿ, ಅಂದರೆ ಎಂಜಿನ್‌ನ ಹಿಂದೆ ಹೊರಬರುವ ಬಿಸಿ ಗಾಳಿಗೆ ಇನ್ನಷ್ಟು ಇಂಧನ ಸುರಿದು ಉರಿಸಿ, ಶಬ್ದದ ಎರಡರಷ್ಟು ವೇಗ ಮುಟ್ಟುವುದು. ಎಫ್-104, ಮಿಗ್-21, ಮಿರಾಜ್-3, ಬ್ರಿಟನ್ನಿನ ಲೈಟ್ನಿಂಗ್, ಎಲ್ಲವೂ ಈ ಕಾಲದವು. ಎತ್ತರದಲ್ಲಿ ಬರುವ ಬಾಂಬರನ್ನು ಬೇಗ ಏರಿಹೋಗಿ ಹೊಡೆದು ಬರುವುದು ಇವುಗಳ ಮುಖ್ಯ ಕೆಲಸ. ಮೂಗಿನಲ್ಲಿ ರೇಡಾರ್ ಬಂತು, ರೆಕ್ಕೆಯ ಕೆಳಗೆ ಬಿಸಿ ಹುಡುಕಿ ಹೋಗುವ ಕ್ಷಿಪಣಿ ಬಂತು.

ಈ ಕ್ಷಿಪಣಿಯನ್ನೇ ಎರಡನೇ ತಲೆಮಾರಿನ ಗುರುತು ಅಂತ ಎಷ್ಟೋ ಕಡೆ ಬರೆದಿರುತ್ತದೆ. ಆದರೆ ಸೈಡ್‌ವೈಂಡರ್ ಕ್ಷಿಪಣಿ ಮೊದಲ ಸಲ ವೈರಿ ವಿಮಾನವನ್ನು ಉರುಳಿಸಿದ್ದು ಯಾವುದರಿಂದ ಗೊತ್ತಾ? 1958ರ ಸೆಪ್ಟೆಂಬರ್ 24ರಂದು, ತೈವಾನ್ ಜಲಸಂಧಿಯ ಮೇಲೆ, ಅದೇ ಎಫ್-86 ಸೇಬರ್‌ನಿಂದ. ಮೊದಲನೇ ತಲೆಮಾರಿನ ವಿಮಾನದ ರೆಕ್ಕೆಗೆ ಎರಡನೇ ತಲೆಮಾರಿನ ಆಯುಧ ನೇತುಹಾಕಿದರು, ಅದು ಕೆಲಸ ಮಾಡಿತು. ಅದೇ ದಿನಗಳ ಕಾಳಗದಲ್ಲಿ ಒಂದು ಸೈಡ್‌ವೈಂಡರ್ ಸಿಡಿಯದೆ ಚೀನಾದ ಮಿಗ್-17ರ ಮೈಯಲ್ಲಿ ಹಾಗೇ ಸಿಕ್ಕಿಕೊಂಡು ಕೂತಿತು, ಪೈಲಟ್ ಅದರ ಸಮೇತ ನೆಲಕ್ಕೆ ಇಳಿದ, ಅಲ್ಲಿಂದ ಅದು ಸೋವಿಯತ್ ಎಂಜಿನಿಯರ್‌ಗಳ ಕೈ ಸೇರಿ ಕೆ-13 ಎಂಬ ನಕಲಾಯಿತು, ಮುಂದೆ ಮಿಗ್-21 ದಶಕಗಳ ಕಾಲ ಹೊತ್ತು ತಿರುಗಿದ್ದು ಅದನ್ನೇ. ಸಿಡಿಯದ ಒಂದು ಕ್ಷಿಪಣಿ ಎರಡೂ ಕಡೆಯ ಆಯುಧವನ್ನು ಒಂದೇ ಮಾಡಿಬಿಟ್ಟಿತು.

ಆಗ ಕ್ಷಿಪಣಿಯ ಮೇಲೆ ಎಂಥ ನಂಬಿಕೆ ಬಂತೆಂದರೆ, 1957ರಲ್ಲೇ ಬ್ರಿಟನ್ನಿನ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್ ಪೈಲಟ್ ಕೂರುವ ಫೈಟರ್‌ಗಳ ಕಾಲ ಮುಗಿಯುತ್ತಾ ಬಂತು ಎಂಬ ಲೆಕ್ಕದಲ್ಲಿ ಹಲವು ಯೋಜನೆಗಳನ್ನು ನಿಲ್ಲಿಸಿದ್ದರು. ಮೂರನೇ ತಲೆಮಾರು ಹುಟ್ಟಿದ್ದು ಇದೇ ನಂಬಿಕೆಯಲ್ಲಿ. ಎಫ್-4 ಫ್ಯಾಂಟಮ್‌ಗೆ ಮೊದಲು ಒಳಗೆ ಗನ್ನೇ ಇಡಲಿಲ್ಲ. ಸ್ಪ್ಯಾರೋ ಕ್ಷಿಪಣಿ ದೂರದಿಂದಲೇ ಹೊಡೆಯುತ್ತದೆ, ಗನ್ ಯಾಕೆ ಅಂತ. ವಿಯೆಟ್ನಾಂನಲ್ಲಿ ಹಾರಿಸಿದ ಸ್ಪ್ಯಾರೋಗಳಲ್ಲಿ ಗುರಿ ಮುಟ್ಟಿದ್ದು ಸುಮಾರು ಹತ್ತಕ್ಕೆ ಒಂದು. ತಮ್ಮವರನ್ನೇ ಹೊಡೆಯುವ ಭಯದಿಂದ, ಎದುರಿನ ವಿಮಾನ ಯಾರದು ಅಂತ ಕಣ್ಣಾರೆ ನೋಡದೆ ಹಾರಿಸಬೇಡಿ ಎಂಬ ನಿಯಮ ಬೇರೆ. ಕಣ್ಣಿಗೆ ಕಾಣುವಷ್ಟು ಹತ್ತಿರ ಹೋದ ಮೇಲೆ ದೂರದ ಕ್ಷಿಪಣಿಯಿಂದ ಏನು ಪ್ರಯೋಜನ, ಅಲ್ವಾ? ಮೊದಲು ಹೊಟ್ಟೆಯ ಕೆಳಗೆ ಗನ್ ಪಾಡ್ ನೇತುಹಾಕಿದರು, ಆಮೇಲೆ ಎಫ್-4ಇ ಮಾದರಿಯಲ್ಲಿ ಮೂಗಿನೊಳಗೇ ಗನ್ ಕೂರಿಸಿದರು. ಅಮೆರಿಕದ ನೌಕಾಪಡೆ 1969ರಲ್ಲಿ ಟಾಪ್‌ಗನ್ ಶಾಲೆ ತೆರೆದದ್ದೂ ಇದೇ ಕಾರಣಕ್ಕೆ. ವಿಮಾನದ ತಲೆಮಾರು ಬದಲಾಗಲಿಲ್ಲ, ಪೈಲಟ್‌ಗಳ ತರಬೇತಿ ಬದಲಾಯಿತು, ನೌಕಾಪಡೆಯ ಫಲಿತಾಂಶವೂ ಬದಲಾಯಿತು.

ಮೂರನೆಯದು ಅಂತ ಬೇರೆ ಗುಂಪು ಮಾಡಲು ನನಗೆ ಗಟ್ಟಿ ಕಾರಣ ಕಾಣಿಸುವುದಿಲ್ಲ. ಒಳ್ಳೆಯ ರೇಡಾರ್, ಜಾಸ್ತಿ ಕೆಲಸ ಮಾಡುವ ವಿಮಾನ, ಅಷ್ಟೇ. ಎಲ್ಲವೂ ಜೋಡಿಸಬಹುದಾದವು.

ನಾಲ್ಕನೆಯದಕ್ಕೆ ಬಂದರೆ ಕಥೆ ಬೇರೆ. ಇಲ್ಲಿ ಸ್ವಲ್ಪ ನಿಲ್ಲೋಣ.

1974ರ ಜನವರಿ 20. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆ. ಎಫ್-16ರ ಮೊದಲ ಮಾದರಿ ರನ್‌ವೇ ಮೇಲೆ ಜೋರಾಗಿ ಓಡುವ ಪರೀಕ್ಷೆ ಮಾತ್ರ ಮಾಡಬೇಕಿತ್ತು, ಹಾರುವ ಯೋಚನೆ ಇರಲಿಲ್ಲ. ಪೈಲಟ್ ಫಿಲ್ ಓಸ್ಟ್ರೈಕರ್. ಅವರ ಕೈಯಲ್ಲಿದ್ದ ಸ್ಟಿಕ್ ಅಲುಗಾಡುವಂಥದ್ದೇ ಅಲ್ಲ. ಕೈ ಎಷ್ಟು ಒತ್ತುತ್ತದೆ ಎಂಬುದನ್ನು ಅಳೆದು ಕಂಪ್ಯೂಟರ್‌ಗೆ ಹೇಳುವ ಸ್ಟಿಕ್ ಅದು. ಮೂಗು ಸ್ವಲ್ಪ ಎದ್ದದ್ದೇ ತಡ, ವಿಮಾನ ಎಡಕ್ಕೂ ಬಲಕ್ಕೂ ಹೊರಳಾಡಲು ಶುರುಮಾಡಿತು. ಪೈಲಟ್ ಸರಿಮಾಡಲು ಒತ್ತಿದಷ್ಟೂ ಹೊರಳಾಟ ಹೆಚ್ಚಾಯಿತು, ಏಕೆಂದರೆ ಸಣ್ಣ ಒತ್ತಿಗೂ ವಿಮಾನ ಅತಿಯಾಗಿ ಓಗೊಡುವಂತೆ ಕಂಪ್ಯೂಟರನ್ನು ಹೊಂದಿಸಿಟ್ಟಿದ್ದರು. ಬಾಲದ ಬಲರೆಕ್ಕೆ ನೆಲಕ್ಕೆ ಉಜ್ಜಿತು. ವಿಮಾನ ರನ್‌ವೇಯಿಂದ ಪಕ್ಕಕ್ಕೆ ಸರಿಯತೊಡಗಿತು. ನೆಲದ ಮೇಲೆ ಇದ್ದರೆ ವಿಮಾನ ಉಳಿಯುವುದಿಲ್ಲ ಎಂದು ಕಂಡ ಓಸ್ಟ್ರೈಕರ್ ಶಕ್ತಿ ಏರಿಸಿ ಹಾರಿಯೇಬಿಟ್ಟರು. ಆರು ನಿಮಿಷ ಮೇಲೆ ಇದ್ದು, ಸುತ್ತುಹಾಕಿ, ಸರಿಯಾಗಿ ಇಳಿಸಿದರು. ದಾಖಲೆಯಲ್ಲಿ ಎಫ್-16ರ ಮೊದಲ ಹಾರಾಟ ಫೆಬ್ರವರಿ 2 ಅಂತ ಇದೆ. ನಿಜವಾಗಿ ಮೊದಲು ಹಾರಿದ್ದು ಹೀಗೆ.

ಕಂಪ್ಯೂಟರ್ ಯಾಕೆ ನಡುವೆ ಬಂತು ಅಂದರೆ, ಎಫ್-16ನ್ನು ಬೇಕಂತಲೇ ಅಸ್ಥಿರವಾಗಿ ಕಟ್ಟಿದ್ದರು. ಮಾಮೂಲಿ ವಿಮಾನದಲ್ಲಿ ಭಾರದ ಕೇಂದ್ರ ಮುಂದೆ, ಎತ್ತುವ ಬಲದ ಕೇಂದ್ರ ಅದರ ಹಿಂದೆ. ಮೂಗು ತಾನಾಗಿ ಕೆಳಗೆ ಬಾಗಲು ನೋಡುತ್ತದೆ, ಅದನ್ನು ತಡೆಯಲು ಬಾಲ ಸದಾ ಕೆಳಕ್ಕೆ ಒತ್ತುತ್ತಿರಬೇಕು. ಇದು ಕ್ಷೇಮ, ಆದರೆ ದಂಡದ ಕೆಲಸ. ರೆಕ್ಕೆ ಎತ್ತಿದ್ದರಲ್ಲಿ ಒಂದು ಪಾಲನ್ನು ಬಾಲ ಕೆಳಗೆ ತಳ್ಳುತ್ತಿರುತ್ತದೆ. ಭಾರವನ್ನು ಹಿಂದಕ್ಕೆ ಸರಿಸಿದರೆ ಬಾಲವೂ ಎತ್ತಲು ಕೈಜೋಡಿಸುತ್ತದೆ, ವಿಮಾನ ಗಬಕ್ಕನೆ ತಿರುಗುತ್ತದೆ. ಆದರೆ ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಕ್ಷಣಕ್ಷಣವೂ ಸರಿಮಾಡುತ್ತಲೇ ಇರಬೇಕು. ಮನುಷ್ಯನ ಕೈಗೆ ಆ ವೇಗ ಇಲ್ಲ. ಹಾಗಾಗಿ ನಾಲ್ಕು ಪ್ರತ್ಯೇಕ ವಿದ್ಯುತ್ ದಾರಿಗಳು, ಒಂದು ಕೆಟ್ಟರೆ ಉಳಿದವು ಕೆಲಸ ಮಾಡುವಂತೆ. ಪೈಲಟ್ ತನಗೆ ಏನು ಬೇಕು ಅಂತ ಹೇಳುತ್ತಾನೆ, ಹೇಗೆ ಅನ್ನುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇದೇ ಫ್ಲೈ-ಬೈ-ವೈರ್. ಮಿರಾಜ್-2000, ತೇಜಸ್, ರಫೇಲ್, ಎಲ್ಲವೂ ಇದೇ ದಾರಿಯಲ್ಲಿ ಬಂದವು.

ಹಳೆಯ ವಿಮಾನವನ್ನು ಆಮೇಲೆ ಹೀಗೆ ಮಾಡಬಹುದಾ? ಪ್ರಯೋಗಕ್ಕೆ ಒಂದೆರಡನ್ನು ಮಾಡಬಹುದು. ಆದರೆ ಅದರಿಂದ ಪೂರ್ತಿ ಲಾಭ ಬೇಕು ಅಂದರೆ ರೆಕ್ಕೆ, ಬಾಲ, ಭಾರ ಎಲ್ಲವನ್ನೂ ಅದಕ್ಕೆಂದೇ ಮೊದಲಿಂದ ಲೆಕ್ಕಹಾಕಿ ಕಟ್ಟಬೇಕು. ಗಟ್ಟಿ ಗೆರೆ. ಆದರೆ ಗಮನಿಸಿ, ಎಫ್-15ರಲ್ಲೂ ಮೊದಲ ಮಿಗ್-29ಗಳಲ್ಲೂ ಪೂರ್ತಿ ಫ್ಲೈ-ಬೈ-ವೈರ್ ಇರಲಿಲ್ಲ. ಅವೂ ನಾಲ್ಕನೆಯವೇ. ಅಂದರೆ ಇಲ್ಲೂ ಗಟ್ಟಿ ಗೆರೆ ಮತ್ತು ನಂಬರಿನ ಗೆರೆ ಒಂದೇ ಕಡೆ ಬೀಳುವುದಿಲ್ಲ.

ನಾಲ್ಕನೆಯದರ ಇನ್ನೊಂದು ಗುರುತು ಪಲ್ಸ್-ಡಾಪ್ಲರ್ ರೇಡಾರ್. ಹಳೆಯ ರೇಡಾರ್ ಕೆಳಗೆ ನೋಡಿದರೆ ನೆಲದಿಂದ ಬರುವ ಪ್ರತಿಧ್ವನಿಯಲ್ಲಿ ವಿಮಾನ ಮುಳುಗಿಹೋಗುತ್ತಿತ್ತು. ಡಾಪ್ಲರ್ ಲೆಕ್ಕ ಬಂದ ಮೇಲೆ ಚಲಿಸುವುದನ್ನು ನೆಲದಿಂದ ಬೇರ್ಪಡಿಸಬಹುದಾಯಿತು. ದೊಡ್ಡ ಹೆಜ್ಜೆಯೇ. ಆದರೆ ಜೋಡಿಸಬಹುದಾದ ಹೆಜ್ಜೆ. ಭಾರತದ ವಾಯುಪಡೆ 2025ರ ಸೆಪ್ಟೆಂಬರ್‌ವರೆಗೆ ಹಾರಿಸಿದ ಮಿಗ್-21 ಬೈಸನ್‌ನಲ್ಲಿ ಕೋಪ್ಯೋ ಎಂಬ ಪಲ್ಸ್-ಡಾಪ್ಲರ್ ರೇಡಾರ್ ಇತ್ತು, ಆರ್-73, ಆರ್-77 ಕ್ಷಿಪಣಿಗಳಿದ್ದವು. 1950ರ ದಶಕದ ಮೈಯೊಳಗೆ ನಾಲ್ಕನೇ ತಲೆಮಾರಿನ ಕಣ್ಣು ಮತ್ತು ಕೈ. ಜರ್ಮನಿಯವರು ತಮ್ಮ ಫ್ಯಾಂಟಮ್‌ಗಳಿಗೂ ಹೀಗೇ ಹೊಸ ರೇಡಾರ್, ಆಮ್ರಾಮ್ ಕ್ಷಿಪಣಿ ಕೊಟ್ಟಿದ್ದರು. ಇವನ್ನು ಎಷ್ಟನೇ ತಲೆಮಾರು ಅನ್ನೋಣ? ನಂಬರ್ ಇಲ್ಲಿ ಕೈಚೆಲ್ಲುತ್ತದೆ.

ನಾಲ್ಕೂವರೆ ಎಂಬ ಅರ್ಧ ಹೆಜ್ಜೆ ಬಂದದ್ದೇ ಈ ಕಾರಣಕ್ಕೆ. ರಫೇಲ್, ಟೈಫೂನ್, ಗ್ರಿಪೆನ್, ಸೂಪರ್ ಹಾರ್ನೆಟ್, ಸುಖೋಯ್-30ಎಂಕೆಐ, ಎಫ್-15ಇಎಕ್ಸ್ ಎಲ್ಲವೂ ಇಲ್ಲಿ ಸೇರುತ್ತವೆ. ಅಮೆರಿಕದ ಸಂಸತ್ತು 2010ರ ರಕ್ಷಣಾ ಕಾಯಿದೆಯಲ್ಲಿ ನಾಲ್ಕೂವರೆಗೆ ಅರ್ಥವನ್ನೇ ಬರೆದಿಟ್ಟಿತು: ಈಸಾ ರೇಡಾರ್ (ತಟ್ಟೆ ತಿರುಗಿಸದೆ ಎಲೆಕ್ಟ್ರಾನಿಕ್ ಆಗಿಯೇ ದಿಕ್ಕು ಬದಲಿಸುವಂಥದ್ದು), ಹೆಚ್ಚು ಮಾಹಿತಿ ಸಾಗಿಸುವ ಡೇಟಾ-ಲಿಂಕ್, ಸುಧಾರಿತ ಏವಿಯಾನಿಕ್ಸ್ (ವಿಮಾನದೊಳಗಿನ ಎಲೆಕ್ಟ್ರಾನಿಕ್ಸ್), ಇವತ್ತಿನ ಮತ್ತು ನಾಳೆಯ ಆಯುಧ ಹೊರುವ ಶಕ್ತಿ. ಒಂದೊಂದನ್ನೇ ನೋಡಿ. ಎಲ್ಲವೂ ಪೆಟ್ಟಿಗೆಯಲ್ಲಿ ತಂದು ಕೂರಿಸುವಂಥವು.

ಹಾಗಾದರೆ ಐದನೆಯದು? ಇಲ್ಲಿಯೇ ಎಲ್ಲಕ್ಕಿಂತ ಗಟ್ಟಿ ಗೆರೆ ಇರುವುದು, ಮತ್ತು ಅದು ಇರುವುದು ಆಕಾರದಲ್ಲಿ, ರೇಡಾರ್‌ಗೆ ಸುಲಭಕ್ಕೆ ಕಾಣದಂತೆ ಅಡಗುವ ಆಕಾರದಲ್ಲಿ. ಇದನ್ನೇ ಸ್ಟೆಲ್ತ್ ಅನ್ನುವುದು.

ಸೋವಿಯತ್ ಭೌತವಿಜ್ಞಾನಿ ಪ್ಯೋತರ್ ಉಫಿಮ್ಟ್ಸೆವ್ 1962ರಲ್ಲಿ, ರೇಡಿಯೋ ಅಲೆ ಒಂದು ವಸ್ತುವಿನ ಅಂಚುಗಳಿಗೆ ಬಡಿದು ಹೇಗೆ ಚದುರುತ್ತದೆ ಎಂದು ಲೆಕ್ಕಹಾಕುವ ವಿಧಾನ ಪ್ರಕಟಿಸಿದರು. ಅವರ ದೇಶ ಅದನ್ನು ಗುಟ್ಟಾಗಿಡಲಿಲ್ಲ. 1970ರ ದಶಕದಲ್ಲಿ ಲಾಕ್‌ಹೀಡ್‌ನ ಡೆನಿಸ್ ಓವರ್‌ಹೋಲ್ಸರ್ ಅದರ ಅನುವಾದ ಓದಿ, ವಿಮಾನದ ಆಕಾರ ರೇಡಾರ್‌ಗೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿದರು. ಅಲ್ಲಿಂದ 1981ರಲ್ಲಿ ಎಫ್-117 ಹಾರಿತು. ಹೆಸರಿಗೆ ಎಫ್, ಆದರೆ ಅದು ಬಾಂಬ್ ಹಾಕುವ ವಿಮಾನ. ಅದೇ ಲೆಕ್ಕ ಫೈಟರ್‌ಗೆ ಬಂದದ್ದು ಎಫ್-22ರಲ್ಲಿ.

ಒಂದು ಲೆಕ್ಕ ಹೇಳುತ್ತೇನೆ. ರೇಡಾರ್‌ಗೆ ಕಾಣುವ ಗಾತ್ರವನ್ನು ಅರ್ಧ ಮಾಡಿದರೆ ಅದು ಕಾಣಿಸುವ ದೂರ ಅರ್ಧ ಆಗುವುದಿಲ್ಲ. ದೂರ ಆ ಗಾತ್ರದ ನಾಲ್ಕನೇ ಮೂಲದ ಜೊತೆ ಬದಲಾಗುತ್ತದೆ. ದೂರ ಅರ್ಧ ಆಗಬೇಕಾದರೆ ಗಾತ್ರವನ್ನು 16ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಹತ್ತರಲ್ಲಿ ಒಂದು ಪಾಲು ಆಗಬೇಕಾದರೆ, ಅಂದರೆ 200 ಕಿಲೋಮೀಟರ್‌ನಿಂದ ಕಾಣುತ್ತಿದ್ದದ್ದು 20 ಕಿಲೋಮೀಟರ್‌ಗೆ ಬಂದಾಗ ಮಾತ್ರ ಕಾಣಬೇಕಾದರೆ, 10,000ದಲ್ಲಿ ಒಂದು ಪಾಲಿಗೆ ಇಳಿಸಬೇಕು. ಸ್ವಲ್ಪ ಬಣ್ಣ ಬಳಿದು, ಅಲ್ಲೊಂದು ಇಲ್ಲೊಂದು ಅಂಚು ತಿದ್ದಿ ಇದನ್ನು ಮಾಡಲು ಸಾಧ್ಯವೇ ಇಲ್ಲ. ರೆಕ್ಕೆಯ ಅಂಚು, ಬಾಲದ ಅಂಚು, ಬಾಗಿಲುಗಳ ಅಂಚು ಎಲ್ಲವೂ ಕೆಲವೇ ದಿಕ್ಕುಗಳಿಗೆ ಸಾಲಾಗಿರಬೇಕು. ಎಂಜಿನ್‌ನ ಸುತ್ತುವ ಬ್ಲೇಡ್‌ಗಳು ಮುಂದಿನಿಂದ ನೇರ ಕಾಣಬಾರದು, ಅದಕ್ಕೆ ಗಾಳಿ ಹೋಗುವ ಕೊಳವೆಯನ್ನೇ ಬಳುಕಿಸಬೇಕು. ಕ್ಷಿಪಣಿಗಳು ಹೊಟ್ಟೆಯೊಳಗೆ ಹೋಗಬೇಕು, ಇಂಧನವೂ ಒಳಗೇ. ಹೊಟ್ಟೆಯಲ್ಲಿ ಅಷ್ಟು ಜಾಗ ಆಮೇಲೆ ಎಲ್ಲಿಂದ ತರುತ್ತೀರಿ?

ಬೋಯಿಂಗ್ ಪ್ರಯತ್ನ ಮಾಡಿತು. 2009ರಲ್ಲಿ ಎಫ್-15 ಸೈಲೆಂಟ್ ಈಗಲ್ ಎಂಬ ಮಾದರಿ ತೋರಿಸಿತು. ಆಯುಧ ಅಡಗಿಸುವ ಪಕ್ಕದ ಕೋಶಗಳು, ಓರೆ ಮಾಡಿದ ಬಾಲ, ವಿಶೇಷ ಲೇಪನ. ಒಂದು ದೇಶವೂ ಕೊಳ್ಳಲಿಲ್ಲ. ಮುಂದೆ ಅದೇ ಬೋಯಿಂಗ್ ಮಾರಿದ್ದು ಸ್ಟೆಲ್ತ್ ಆಸೆ ಬಿಟ್ಟು, ಹೊಸ ರೇಡಾರ್, ಹೊಸ ಕಂಪ್ಯೂಟರ್, ಹೊರಗೆ ರಾಶಿ ಕ್ಷಿಪಣಿ ಹೊತ್ತ ಎಫ್-15ಇಎಕ್ಸ್.

ಮಾತಿನ ನಡುವೆ ಒಬ್ಬರು ಸೂಪರ್‌ಕ್ರೂಸ್ ಬಗ್ಗೆ ಕೇಳಿದರು. ಆಫ್ಟರ್‌ಬರ್ನರ್ ಇಲ್ಲದೆ ಶಬ್ದಕ್ಕಿಂತ ವೇಗವಾಗಿ ಸಾಗುವುದು ಐದನೆಯದರ ಲಕ್ಷಣ ಅಂತ ಪಟ್ಟಿಗಳಲ್ಲಿ ಇರುತ್ತದಲ್ಲ ಅಂತ. ಇರುತ್ತದೆ. ಎಫ್-22ಗೆ ಅದು ಸಲೀಸು. ಆದರೆ ಎಫ್-35 ಆ ಲೆಕ್ಕದಲ್ಲಿ ಸೂಪರ್‌ಕ್ರೂಸ್ ವಿಮಾನ ಅಲ್ಲ, ಆದರೂ ಐದನೆಯದು. ಟೈಫೂನ್ ಮಾಡುತ್ತದೆ, ಆದರೂ ನಾಲ್ಕೂವರೆ. ಇನ್ನೂ ಹಿಂದೆ ಹೋದರೆ, ಲೈಟ್ನಿಂಗ್‌ನ ಮೊದಲ ಮಾದರಿ ಪಿ-1 1954ರಲ್ಲೇ ಆಫ್ಟರ್‌ಬರ್ನರ್ ಇಲ್ಲದೆ ಶಬ್ದದ ವೇಗ ದಾಟಿತ್ತು. ಹಾಗಾಗಿ ಅದನ್ನು ಗುರುತಾಗಿ ಇಟ್ಟುಕೊಳ್ಳುವುದು ಬೇಡ.

ಪಟ್ಟಿಗಳಲ್ಲಿರುವ ಇನ್ನೊಂದು ಲಕ್ಷಣ ಸೆನ್ಸರ್ ಫ್ಯೂಷನ್, ಅಂದರೆ ರೇಡಾರ್, ಕ್ಯಾಮೆರಾಗಳೆಲ್ಲ ಕಂಡದ್ದನ್ನು ಸೇರಿಸಿ ಪೈಲಟ್‌ಗೆ ಒಂದೇ ಚಿತ್ರವಾಗಿ ಕೊಡುವುದು. ಅದು ನಿಜಕ್ಕೂ ದೊಡ್ಡದು. ಎಫ್-35ರ ಮೈಸುತ್ತ ಆರು ಇನ್‌ಫ್ರಾರೆಡ್ ಕ್ಯಾಮೆರಾಗಳಿವೆ, ಅವು ಕಂಡದ್ದು ಪೈಲಟ್‌ನ ಹೆಲ್ಮೆಟ್‌ನಲ್ಲಿ ಮೂಡುತ್ತದೆ, ಕಾಲ ಕೆಳಗೆ ನೋಡಿದರೆ ವಿಮಾನದ ನೆಲವಲ್ಲ, ಕೆಳಗಿನ ಭೂಮಿ ಕಾಣುತ್ತದೆ. ಆದರೆ ಇದು ಸಾಫ್ಟ್‌ವೇರ್, ಕ್ಯಾಮೆರಾ, ಕಂಪ್ಯೂಟರ್. ಬೇರೆ ವಿಮಾನಗಳಿಗೂ ನಿಧಾನಕ್ಕೆ ಬರುತ್ತಿದೆ.

ಇನ್ನೊಂದು ಮಾತು. ಸ್ಟೆಲ್ತ್ ಅಂದರೆ ಮಾಯವಾಗುವುದಲ್ಲ. 1999ರ ಮಾರ್ಚ್ 27ರಂದು ಸರ್ಬಿಯಾದವರು 1960ರ ದಶಕದ ಎಸ್-125 ಕ್ಷಿಪಣಿಯಿಂದ ಒಂದು ಎಫ್-117ನ್ನು ಉರುಳಿಸಿದರು. ಉದ್ದ ಅಲೆಯ ರೇಡಾರ್‌ಗೆ ಇಂಥ ಆಕಾರಗಳು ಅಷ್ಟು ಚೆನ್ನಾಗಿ ಅಡಗುವುದಿಲ್ಲ, ಮತ್ತು ಅವರು ತಮ್ಮ ರೇಡಾರನ್ನು ಕೆಲವೇ ಕ್ಷಣ ಹಚ್ಚಿ ಆರಿಸುವ ಶಿಸ್ತು ರೂಢಿಸಿಕೊಂಡಿದ್ದರು.

ಆರನೆಯದರ ಬಗ್ಗೆ ಹೇಳಿ ಮುಗಿಸುತ್ತೇನೆ. 2024ರ ಡಿಸೆಂಬರ್‌ನಲ್ಲಿ ಚೀನಾದಲ್ಲಿ ನಿಲುವು ಬಾಲವೇ ಇಲ್ಲದ ದೊಡ್ಡ ಫೈಟರ್ ಹಾರಿದ್ದು ಎಲ್ಲರೂ ನೋಡಿದರು. 2025ರ ಮಾರ್ಚ್‌ನಲ್ಲಿ ಅಮೆರಿಕ ಎಫ್-47 ಕಟ್ಟುವ ಕೆಲಸವನ್ನು ಬೋಯಿಂಗ್‌ಗೆ ಕೊಟ್ಟಿತು. ಬ್ರಿಟನ್, ಜಪಾನ್, ಇಟಲಿ ಸೇರಿ ಇನ್ನೊಂದು ಯೋಜನೆ ನಡೆಸಿವೆ. ಎಲ್ಲರೂ ಮೊದಲು ಹೇಳುವುದು ಪೈಲಟ್ ಇಲ್ಲದ ಜೊತೆಗಾರ ವಿಮಾನಗಳ ಬಗ್ಗೆ. ನನ್ನ ಪ್ರಶ್ನೆ ಇಟ್ಟು ನೋಡಿದರೆ ಅದು ಸಡಿಲ ಗೆರೆ. ಡೇಟಾ-ಲಿಂಕ್ ಮತ್ತು ಸಾಫ್ಟ್‌ವೇರ್ ಇದ್ದರೆ ಈಗಿನ ಎಫ್-22, ಎಫ್-35ಗಳೂ ಅವನ್ನು ನಡೆಸಬಹುದು. ನಾನು ಗಮನವಿಟ್ಟು ನೋಡುತ್ತಿರುವುದು ಬೇರೆ ಎರಡನ್ನು. ಒಂದು, ನಿಲುವು ಬಾಲ ಇಲ್ಲದ ಆಕಾರ. ಆ ಬಾಲ ಇಲ್ಲದಿದ್ದರೆ ಪಕ್ಕದಿಂದಲೂ, ಉದ್ದ ಅಲೆಯ ರೇಡಾರ್‌ಗೂ ಅಡಗುವುದು ಸುಲಭವಾಗುತ್ತದೆ, ಹತೋಟಿ ಮಾತ್ರ ಕಷ್ಟ. ಇನ್ನೊಂದು, ಎಂಜಿನ್. ಹಾರಾಟದ ನಡುವೆಯೇ ಗಾಳಿಯ ಹರಿವನ್ನು ಬದಲಿಸಿಕೊಂಡು ಒಮ್ಮೆ ಇಂಧನ ಉಳಿಸುವ, ಒಮ್ಮೆ ಪೂರ್ತಿ ಬಲ ಕೊಡುವ, ಜೊತೆಗೆ ಎಲೆಕ್ಟ್ರಾನಿಕ್ಸ್‌ನ ಬಿಸಿಯನ್ನೂ ಹೊತ್ತೊಯ್ಯುವ ಎಂಜಿನ್. ಇದನ್ನು ಎಫ್-35ಗೆ ಕೂರಿಸುವ ಮಾತು ಅಮೆರಿಕದಲ್ಲಿ ಹಲವು ವರ್ಷ ನಡೆಯಿತು. 2023ರಲ್ಲಿ ಅದನ್ನು ಕೈಬಿಟ್ಟು, ಇದ್ದ ಎಂಜಿನನ್ನೇ ಸುಧಾರಿಸುವ ದಾರಿ ಹಿಡಿದರು.